ಆರೋಪಿಯಾಗಲು ಹಟ ಹಿಡಿದ ನಮ್ಮತ್ತೆ

ಅತ್ತೆ: ನಾನೇ ಮಾಡಿದ್ದು ಅಂತ ಬೆಳಿಗ್ಗೆಯಿಂದ ಬಾಯಿ ಬಡ್ಕೋತಿದೀನಿ. ಬರ್ಕೋಬಾರ್ದಾ?

ಮಗಳು: ಹೇಳಿದ ತಕ್ಷಣ ಹಾಗೆಲ್ಲ ಬರ್ಕೊಳ್ಳೋಕಾಗಲ್ಲ ಅಜ್ಜಿ.

ಅತ್ತೆ: ಯಾಕೆ, ಹಾಳೆ ಖಾಲಿಯಾಯ್ತಾ?

ಮಗಳು: ನೀವೀಗ ಸಾಕ್ಷಿ. ಸಾಕ್ಷಿ ಸಂಖ್ಯೆ ಎರಡು. ಆರೋಪಿ ಅಲ್ಲ.

ಅತ್ತೆ: ಆರೋಪಿ ಯಾವಾಗ ಮಾಡ್ತೀಯ?

ಮಗಳು: ಅದನ್ನ ಪುರಾವೆ ನೋಡಿ ತೀರ್ಮಾನ ಮಾಡ್ಬೇಕು.

ಅತ್ತೆ: ಈ ಮನೇಲಿ ಎಲ್ಲರಿಗಿಂತ ದೊಡ್ಡೋಳು ನಾನು. ನನ್ನನ್ನ ಬಿಟ್ಟು ಇನ್ಯಾರನ್ನೋ ಆರೋಪಿ ಮಾಡಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?

ನಾನು: ಅತ್ತೆ, ಸ್ವಲ್ಪ ಸುಮ್ಮನಿರ್ತೀರಾ? ಹಾಳಾಗಿರೋದು ನನ್ನ ಕತ್ತರಿ.

ಮಗಳು: ದೂರುದಾರರು ಮಧ್ಯೆ ಬಾಯಿ ಹಾಕಬಾರ್ದು.

ದೂರುದಾರ ಅಂದರೆ ನಾನು. ಕಸುಬಿನಲ್ಲಿ ದರ್ಜಿ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ: ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೊಂದು ಮೊಳೆ, ಮೊಳೆಯಲ್ಲಿ ಹತ್ತಿಂಚಿನ ನನ್ನ ದೊಡ್ಡ ಕತ್ತರಿ. ಆ ಕತ್ತರಿ ಬಟ್ಟೆಯನ್ನು ಬಿಟ್ಟು ಬೇರೇನನ್ನೂ ಕತ್ತರಿಸಬಾರದು. ಕಾಗದವನ್ನೂ ಅಲ್ಲ, ದಾರದ ಉಂಡೆಯನ್ನೂ ಅಲ್ಲ. ಇದು ಈ ಮನೆಯ ಒಂದೇ ಒಂದು ಕಾನೂನು. ಉಳಿದ ವಿಷಯಗಳಲ್ಲಿ ನನ್ನ ಮಾತನ್ನು ಯಾರೂ ಕೇಳುವುದಿಲ್ಲ, ನಾನೂ ಒತ್ತಾಯ ಮಾಡುವುದಿಲ್ಲ.

ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ಗಿರಾಕಿಯೊಬ್ಬರ ಕೋಟಿನ ತೋಳು ಕತ್ತರಿಸಲು ಕೂತೆ. ಅರ್ಧಕ್ಕೆ ಹೋಗುವಷ್ಟರಲ್ಲಿ ಬಟ್ಟೆ ಸಿಕ್ಕಿಕೊಂಡು ಎಳೆ ಎಳೆಯಾಗಿ ಕಿತ್ತು ಬಂತು. ಅಲಗಿನ ಮೇಲೆ ಹೆಬ್ಬೆರಳು ಸವರಿ ನೋಡಿದರೆ ನಟ್ಟನಡುವೆ ಅಕ್ಕಿಕಾಳಿನಷ್ಟು ಮುಕ್ಕು. ಮೊನ್ನೆ ಸಂಜೆ ನೆಟ್ಟಗಿದ್ದ ಕತ್ತರಿ. ನಿನ್ನೆ ಇಡೀ ದಿನ ನಾನು ಯಂತ್ರದ ಮುಂದೆ ಹೊಲಿಯುತ್ತಾ ಕೂತಿದ್ದೆ, ಅದನ್ನು ಮುಟ್ಟಿಯೇ ಇರಲಿಲ್ಲ. ನನ್ನ ಬಾಯಿಂದ ಒಂದು ಕೂಗು ಹೊರಟಿತು.

ಕೂಗು ಕೇಳಿ ಓಡಿ ಬಂದ ಮಗಳ ಮುಖದಲ್ಲಿ ಅಪ್ಪನಿಗೆ ಏನಾಯಿತೋ ಎಂಬ ಗಾಬರಿ ಇರಲಿಲ್ಲ. ಖುಷಿ ಇತ್ತು. ಎಲ್ಲಿದ್ದೀರೋ ಅಲ್ಲೇ ಇರಿ, ಏನನ್ನೂ ಮುಟ್ಟಬೇಡಿ ಅಂದಳು. ಅಲ್ಲಿಂದ ಮುಂದೆ ನನ್ನನ್ನು 'ನೀವು' ಅನ್ನತೊಡಗಿದಳು. ಹುಟ್ಟಿದಾಗಿನಿಂದ 'ನೀನು' ಅಂದ ಹುಡುಗಿ ಏಕಾಏಕಿ 'ನೀವು' ಅಂದರೆ ಯಾವ ತಂದೆಯಾದರೂ ತಾನೇನು ತಪ್ಪು ಮಾಡಿದೆ ಎಂದು ಲೆಕ್ಕ ಹಾಕತೊಡಗುತ್ತಾನೆ.

ಅವಳ ಖುಷಿಗೆ ಕಾರಣವಿತ್ತು. ಮಗಳು ಓದುತ್ತಿರುವುದು ಕ್ರಿಮಿನಲ್ ಜಸ್ಟಿಸ್ ಎಂಬ ಡಿಗ್ರಿ, ಎರಡನೇ ವರ್ಷ. ಪೊಲೀಸು, ಕೋರ್ಟು, ಜೈಲು, ಈ ಮೂರೂ ಹೇಗೆ ನಡೆಯುತ್ತವೆ ಅಂತ ಕಲಿಸುತ್ತಾರಂತೆ. ಆ ಮೂರೂ ಕಡೆ ಕಾಲಿಡದೆ ಇದ್ದದ್ದೇ ನಮ್ಮ ವಂಶದ ಹೆಮ್ಮೆ, ಅದಕ್ಕೆ ಮೂರು ವರ್ಷ ಓದು ಯಾಕೆ, ಕಾಮರ್ಸ್ ತಗೋ ಅಂತ ನಾನು ಆಗಲೇ ಹೇಳಿದ್ದೆ. ಕೇಳಲಿಲ್ಲ. ಮಗಳು ಏನು ಓದ್ತಿದ್ದಾಳೆ ಅಂತ ಗಿರಾಕಿಗಳು ಕೇಳಿದಾಗ ನಾನು ನಿಜ ಹೇಳಿದ್ದು ಒಂದೇ ಸಲ. ಆ ಗಿರಾಕಿ ಕೂಡಲೇ ತಮ್ಮ ಜೇಬುಗಳನ್ನು ಮುಟ್ಟಿ ನೋಡಿಕೊಂಡರು.

ಈ ವರ್ಷ ಅವಳಿಗೊಂದು ಪ್ರಾಕ್ಟಿಕಲ್ ಇದೆ. ನಿಜವಾಗಿ ನಡೆದ ಒಂದು ಸಣ್ಣ ತಪ್ಪನ್ನು ಹುಡುಕಿ, ತನಿಖೆ ಮಾಡಿ, ಸಾಕ್ಷಿಗಳ ಹೇಳಿಕೆ ಬರೆದುಕೊಂಡು, ನೀಲಿ ಶಾಯಿಯಲ್ಲಿ ಅವರವರ ಕೈಯಿಂದಲೇ ಸಹಿ ಹಾಕಿಸಿ, ಫೈಲು ಕಟ್ಟಿ ಕೊಡಬೇಕು. ಹೋದ ಸಲ ಇವಳು ಮನಸ್ಸಿನಿಂದಲೇ ಒಂದು ಕಳ್ಳತನ ಹೆಣೆದು ಕೊಟ್ಟಿದ್ದಳು. ಮೇಷ್ಟ್ರು ಮೇಲೆ 'ಕಟ್ಟುಕತೆ' ಅಂತ ಬರೆದು ವಾಪಸ್ಸು ಎಸೆದಿದ್ದರು. ಈ ಸಲವೂ ಫೇಲಾದರೆ ಇಡೀ ವರ್ಷ ಮತ್ತೆ ಓದಬೇಕು. ಹಾಗಾದರೆ ಕಾಲೇಜು ಬಿಡಿಸಿ ಕಾಮರ್ಸಿಗೆ ಹಾಕುತ್ತೇನೆ ಅಂತ ನಾನು ಹೇಳಿಬಿಟ್ಟಿದ್ದೆ. ಹೇಳಿದ ಮೇಲೆ ಹೇಳಿದ್ದೇ.

ಪಾಪ, ಮೂರು ವಾರದಿಂದ ಈ ಮನೆಯಲ್ಲಿ ಒಂದು ಅಪರಾಧವಾಗಲಿ ಎಂದು ಕಾದು ಕೂತಿದ್ದಳು. ತನ್ನ ಒಳ್ಳೆಯ ಛತ್ರಿಯನ್ನು ಬೇಕೆಂದೇ ಗೇಟಿಗೆ ನೇತುಹಾಕಿ ಬಂದಿದ್ದಳು. ಯಾರೋ ಪುಣ್ಯಾತ್ಮರು ಬಾಗಿಲು ತಟ್ಟಿ ವಾಪಸ್ಸು ಕೊಟ್ಟು ಹೋದರು. ಅದೂ ಎರಡು ಸಲ. ಫೈಲು ಕೊಡಲು ಇವತ್ತು ಸಂಜೆ ನಾಲ್ಕು ಗಂಟೆ ಕಡೇ ಗಡುವು. ಅಂಥ ಹೊತ್ತಿಗೆ ನನ್ನ ಕತ್ತರಿ ಮುಕ್ಕಾಯಿತು.

ಅವಳು ಕೋಣೆಯ ನಕ್ಷೆ ಬರೆದಳು. ಮೊಳೆಯಿಂದ ನೆಲಕ್ಕೆ ನನ್ನದೇ ಟೇಪಿನಿಂದ ಅಳೆದಳು. ಕತ್ತರಿಯ ಎರಡು ಅಲಗು ಕೂಡುವ ಸಂದಿಯಿಂದ ಸಾಸಿವೆಗಿಂತ ಒಂಚೂರು ದೊಡ್ಡದಾದ ಉಕ್ಕಿನ ಮಣಿಯೊಂದನ್ನು ಹೆಕ್ಕಿ ತೆಗೆದು, ಕವರಿಗೆ ಹಾಕಿ, ಮೇಲೆ 'ಪುರಾವೆ ಒಂದು' ಅಂತ ಬರೆದಳು. ದರ್ಜಿಯ ಅಂಗಡಿಯಲ್ಲಿ ಮಣಿ, ಗುಂಡಿ, ಕೊಕ್ಕೆಗಳಿಗೆ ಬರವೇ ಅಂತ ನಾನು ನಕ್ಕೆ. ಆಮೇಲೆ ಸಾಕ್ಷಿಗಳ ಸರದಿ. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಎರಡು ದಿನದಿಂದ ಹಗಲು ಪಾಳಿ, ಹಾಗಾಗಿ ಅವಳನ್ನು ಬಿಟ್ಟಾಯಿತು. ಉಳಿದವರು ಅವಳ ತಾಯಿ, ಅಂದರೆ ನಮ್ಮತ್ತೆ. ಇಪ್ಪತ್ತನಾಲ್ಕು ವರ್ಷದಿಂದ ನನ್ನನ್ನು 'ಅಳಿಯಂದಿರೇ' ಎಂದು ಬಹುವಚನದಲ್ಲಿ ಕರೆದು, ಏಕವಚನದಲ್ಲಿ ಕೆಲಸ ಹೇಳುವ ಜಾಣೆ.

ಅತ್ತೆ ಕುರ್ಚಿ ಎಳೆದುಕೊಂಡು, ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಕೂದಲು ಸರಿಮಾಡಿಕೊಂಡು ಕೂತರು. ಮಗಳು ಹೆಸರು, ವಯಸ್ಸು ಕೇಳುವ ಮೊದಲೇ ತಪ್ಪೊಪ್ಪಿಕೊಂಡರು. ಜಗಳ ಶುರುವಾದದ್ದೇ ಅಲ್ಲಿ.

ಮಗಳು: ಅಜ್ಜಿ, ನೀವ್ಯಾಕೆ ಹೀಗೆ ಹೇಳ್ತಿದ್ದೀರ ಅಂತ ನನಗೆ ಗೊತ್ತು.

ಅತ್ತೆ: ಮಾಡಿದೀನಿ, ಅದಕ್ಕೇ ಹೇಳ್ತಿದೀನಿ.

ಮಗಳು: ಅಲ್ಲ. ನಾನು ಪಾಸಾಗ್ಲಿ ಅಂತ. ನಮಗೆ ಇದೇ ತಿಂಗಳು ಪಾಠ ಆಗಿದೆ. ಪ್ರೀತಿ ಇರೋರು ಮನೆಯವರನ್ನ ಕಾಪಾಡೋಕೆ ಮಾಡದೇ ಇರೋ ತಪ್ಪನ್ನೂ ಮೈಮೇಲೆ ಎಳ್ಕೋತಾರೆ. ವಯಸ್ಸಾದೋರಲ್ಲಿ ಇದು ಜಾಸ್ತಿ.

ಅತ್ತೆ: ವಯಸ್ಸಾದೋರು ನಿಜ ಹೇಳೋದು ನಿಮ್ಮ ಪಾಠದಲ್ಲಿಲ್ವಾ?

ಮಗಳು: ಅದು ಮುಂದಿನ ವರ್ಷ ಇರಬಹುದು.

ಅತ್ತೆಗೆ ಬೇಸರವಾಯಿತು. ಅಷ್ಟಕ್ಕೇ ಬಿಡುವ ಜೀವವಲ್ಲ. ಬರೀ ಕತ್ತರಿಯೊಂದನ್ನು ಒಪ್ಪಿಕೊಂಡರೆ ಇವಳು ನಂಬುವುದಿಲ್ಲ ಎಂದು ಹಳೆಯ ತಪ್ಪುಗಳನ್ನೆಲ್ಲ ಹೊರಗೆ ತೆಗೆದರು. ಪಕ್ಕದ ಮನೆಯವರ ಗುಲಾಬಿ ಕಡ್ಡಿ ಮುರಿದು ತಂದಿದ್ದು ತಾವೇ. ಆಸ್ಪತ್ರೆಯ ಸಾಲಿನಲ್ಲಿ ಮೊಣಕಾಲು ನೋವಿನ ನಾಟಕವಾಡಿ ಮುಂದೆ ಹೋಗಿದ್ದು ತಾವೇ. ಲೈಬ್ರರಿಯ ಪುಸ್ತಕದ ಕಡೇ ಹಾಳೆ ಓದಿ ಮುಂದಿನವರಿಗೆ ಕತೆ ಹೇಳಿಬಿಟ್ಟಿದ್ದೂ ತಾವೇ. ಮಗಳು ಒಂದನ್ನೂ ಬರೆದುಕೊಳ್ಳಲಿಲ್ಲ. ಆಗ ಅತ್ತೆ ನನ್ನ ಕಡೆ ತಿರುಗಿದರು.

ಅತ್ತೆ: ಅಳಿಯಂದಿರೇ, ಮದುವೆಗೆ ಮುಂಚೆ ನನಗೊಂದು ಬ್ಲೌಸ್ ಹೊಲ್ಕೊಟ್ಟಿದ್ರಲ್ಲ, ನೆನಪಿದೆಯಾ?

ನಾನು: ಬಿಗಿ ಆಗಿದೆ ಅಂದಿದ್ರಿ. ಹೇಗೆ ಮರೀಲಿ?

ಅತ್ತೆ: ಬಿಗಿ ಇರ್ಲಿಲ್ಲ. ಹೇಳಿ ಮಾಡಿಸಿದ ಹಾಗಿತ್ತು. ಅಳಿಯ ಆಗೋನು ಮೊದಲ ದಿನವೇ ತಲೆ ಮೇಲೆ ಕೂರಬಾರ್ದು ಅಂತ ಹಾಗಂದೆ.

ಇಪ್ಪತ್ತನಾಲ್ಕು ವರ್ಷ. ಆ ಬ್ಲೌಸಿನ ಅಳತೆ ಎಲ್ಲಿ ತಪ್ಪಿತು ಎಂದು ನಾನು ಎಷ್ಟು ಸಲ ಮನಸ್ಸಿನಲ್ಲೇ ಬಿಚ್ಚಿ ಹೊಲಿದಿದ್ದೇನೋ ಲೆಕ್ಕವಿಲ್ಲ. ಕತ್ತರಿ ಹೋದರೆ ಹೋಗಲಿ, ಮೊದಲು ಈ ದೂರು ಬರೆದುಕೋ ಅಂತ ಮಗಳಿಗೆ ಹೇಳಿದೆ. ಅಷ್ಟು ಹಳೆಯದನ್ನು ತಗೊಳ್ಳಲು ಬರುವುದಿಲ್ಲ, ಅವಧಿ ಮೀರಿದೆ ಅಂದಳು. ನನ್ನ ಮಾನದ ಅವಧಿ ಮೀರಿದೆಯಂತೆ.

ಆಮೇಲೆ ಅವಳು ನೋಟ್‌ಬುಕ್ಕಿನ ಹಾಳೆ ತಿರುವಿ, ಅಜ್ಜಿಯನ್ನು ಒಂದು ಪರೀಕ್ಷೆಗೆ ಒಡ್ಡಬೇಕು ಅಂದಳು. ತಪ್ಪೊಪ್ಪಿಕೊಂಡವರಿಗೆ ನಡೆದೇ ಇಲ್ಲದ ಒಂದು ತಪ್ಪಿನ ಬಗ್ಗೆ ಕೇಳಬೇಕಂತೆ. ಅದನ್ನೂ ಒಪ್ಪಿಕೊಂಡರೆ ಅವರ ಒಪ್ಪಿಗೆಗೆ ಬೆಲೆಯಿಲ್ಲ, ಕತೆ ಅಂತ ಅರ್ಥ. ಅದಕ್ಕೆ ಮೊದಲು ಅವರ ಬಾಯಿಂದ ವಿವರ ಕೇಳಲೇಬಾರದು, ಕೇಳಿದರೆ ಕತೆ ಕಟ್ಟುತ್ತಾ ಹೋಗುತ್ತಾರೆ. ಅತ್ತೆ ನೆಟ್ಟಗೆ ಕೂತರು. ಪರೀಕ್ಷೆ ಅಂದರೆ ಅವರಿಗೆ ಹುಮ್ಮಸ್ಸು. ಮಗಳು ಒಂದು ಗಳಿಗೆ ಕಿಟಕಿಯ ಕಡೆ ನೋಡಿ ಯೋಚಿಸಿದಳು.

ಮಗಳು: ನಮ್ಮ ಬೀದಿ ಕೊನೇಲಿರೋ ಪೋಸ್ಟ್ ಆಫೀಸಲ್ಲಿ, ಎಲ್ಲರೂ ಬರೀಲಿ ಅಂತ ಕೌಂಟರಿಗೆ ಕಟ್ಟಿರ್ತಾರಲ್ಲ, ಆ ಪೆನ್ನು ಕಳುವಾಗಿದೆ. ತಗೊಂಡಿದ್ದು ನೀವೇನಾ?

ಅತ್ತೆ: ಹೌದು.

ಮಗಳು: ಖಂಡಿತಾ?

ಅತ್ತೆ: ಖಂಡಿತಾ. ನಿನಗೆ ಹೇಗೆ ಗೊತ್ತಾಯ್ತು? ಪರವಾಗಿಲ್ಲ ಕಣೇ, ಓದು ತಲೆಗೆ ಹತ್ತಿದೆ.

ಮಗಳು ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದಳು. ಗೆದ್ದೆ ಎನ್ನುವ ನೋಟ.

ಮಗಳು: ನೋಡಿದ್ರಾ? ಆ ಕಳವು ನಡೆದೇ ಇಲ್ಲ. ಈಗ ನಾನೇ ಹುಟ್ಟಿಸಿದ್ದು. ಪಾಪ, ಅಜ್ಜಿ ಅದನ್ನೂ ಒಪ್ಕೊಂಡುಬಿಟ್ರು.

ಅತ್ತೆ: ನಡೆದಿದೆ.

ಮಗಳು: ಅಜ್ಜಿ, ಸರಪಳಿ ಹಾಕಿ ಕಟ್ಟಿರೋ ಪೆನ್ನನ್ನ ಯಾರು ಕದೀತಾರೆ?

ಅತ್ತೆ: ನಾನು ಏನು ಕತ್ತರಿಸಿದೆ ಅಂತಾದ್ರೂ ಕೇಳೇ.

ಮಗಳು: ಅದು ನನ್ನ ಪಟ್ಟಿಯಲ್ಲಿ ಆರನೇ ಪ್ರಶ್ನೆ. ನೀವು ಮೂರನೇದ್ರಲ್ಲೇ ಫೇಲು.

ಅತ್ತೆ: ಬೇಕಾದ್ರೆ ತೋರಿಸ್ತೀನಿ.

ಮಗಳು: ಸಾಕ್ಷಿಗಳು ತಾವಾಗೇ ಪುರಾವೆ ತರಬಾರ್ದು. ನಾನೇ ಹುಡುಕಬೇಕು. ಇದು ಪ್ರಾಕ್ಟಿಕಲ್.

ಅತ್ತೆ ಮುಖ ಊದಿಸಿಕೊಂಡು ಚೀಲದ ಬಾಯಿ ಬಿಗಿದರು. ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿ ನಮಗೆ ಬೆನ್ನು ಹಾಕಿ ಕೂತರು. ಇನ್ನು ಮೇಲೆ ಈ ಮನೆಯಲ್ಲಿ ಏನು ಮಾಡಿದರೂ ಹೇಳುವುದಿಲ್ಲ ಎಂದು ಗೋಡೆಗೆ ಹೇಳಿದರು. ಮಗಳು ಮಾತ್ರ ಸರಸರನೆ ಹದಿನಾಲ್ಕು ಪುಟ ಬರೆದಳು. ಸಾಕ್ಷಿ ಸಂಖ್ಯೆ ಎರಡು ನಿರ್ದೋಷಿ ಯಾಕೆ, ಅವರ ಒಪ್ಪಿಗೆ ಸುಳ್ಳು ಯಾಕೆ, ಅದರ ಹಿಂದಿರುವ ಮಮತೆ ಎಂಥದ್ದು ಎಂದೆಲ್ಲ. ಕಡೆಯ ಭಾಗವನ್ನು ಅಜ್ಜಿಗೆ ಕೇಳುವಂತೆ ಗಟ್ಟಿಯಾಗಿ ಓದಿದಳು. ಗೋಡೆಯ ಕಡೆಯಿಂದ "ಹ್ಞೂಂ" ಎಂಬ ಸದ್ದು ಬಂತು. ಒಪ್ಪಿದ ಹ್ಞೂಂ ಅಲ್ಲ ಅದು.

ಗಂಟೆ ಎರಡಾಗಿತ್ತು. ಅಜ್ಜಿ ಅಲ್ಲ ಎಂದಾಯಿತು, ಹಾಗಾದರೆ ಯಾರು? ಮಗಳು ನನ್ನ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ಪುಡಿ ಮಾಡಿ ಕತ್ತರಿಯ ಹಿಡಿಗೆ ಉದುರಿಸಿ, ಊದಿ, ಬೆರಳಿನ ಗುರುತು ನೋಡಿದಳು. ಎಲ್ಲವೂ ನನ್ನವೇ. ನನ್ನ ಕತ್ತರಿಯ ಮೇಲೆ ನನ್ನ ಬೆರಳಲ್ಲದೆ ಇನ್ಯಾರ ಬೆರಳಿರುತ್ತದೆ ಎಂದು ನಾನು ನಗುತ್ತಲೇ ಕೇಳಿದೆ. ಅವಳು ನಗಲಿಲ್ಲ. ಒಂದು ಲೋಟ ನೀರು ತಂದು ನನ್ನ ಮುಂದಿಟ್ಟು, ಕೂತ್ಕೊಳ್ಳಿ ಅಂದಳು. ಪ್ರಶ್ನೆ ಶುರು ಮಾಡುವ ಮೊದಲು ನೀರು ಕೊಡಬೇಕು ಅಂತ ಅವರ ಪಾಠದಲ್ಲಿದೆಯಂತೆ.

ಮಗಳು: ಮೊನ್ನೆ ಸಂಜೆ ಒಂದು ಮಣಿ ಕೂರಿಸಿದ ಗೌನ್ ರಿಪೇರಿಗೆ ಬಂದಿತ್ತು. ಹೌದಾ?

ನಾನು: ಬಂದಿತ್ತು. ಉದ್ದ ಕಮ್ಮಿ ಮಾಡಿ ಕೊಟ್ಟೆ.

ಮಗಳು: ಆ ಮಣಿ ಕತ್ತರಿಸಿದಾಗ ಎಡಗೈ ಉಪಯೋಗಿಸಿದ್ರಾ, ಬಲಗೈಯಾ?

ನಾನು: ನಾನ್ಯಾವತ್ತೂ ಎಡಗೈಲಿ ಕತ್ತರಿಸಿದೋನಲ್ಲ.

ಮಗಳು: ಅಂದ್ರೆ ಬಲಗೈ.

ನಾನು: ಏಯ್, ಏನದು ಬರ್ಕೋತಿರೋದು?

ಮಗಳು: 'ಬಲಗೈಯಿಂದ ಮಣಿ ಕತ್ತರಿಸಿದ್ದಾಗಿ ದೂರುದಾರರು ಒಪ್ಪಿರುತ್ತಾರೆ.'

ನಾನು: ನಾನು ಮಣಿ ಅಂದ್ನಾ? ಮಣಿ ಅಂತ ನನ್ನ ಬಾಯಲ್ಲಿ ಬಂತಾ? ಅತ್ತೆ, ನೀವಾದ್ರೂ ಹೇಳಿ.

ಅತ್ತೆ: ನಾನು ಹೇಳಿದ್ದಕ್ಕೆ ಈ ಮನೇಲಿ ಬೆಲೆ ಇಲ್ಲ ಅಂತ ಬರ್ದಾಗಿದೆ. ಹದಿನಾಲ್ಕು ಪುಟ.

ಮಗಳು ನಿಧಾನವಾಗಿ, ಸಮಾಧಾನವಾಗಿ, ಬಿಡದೆ ಕೇಳುತ್ತಾ ಹೋದಳು. ಗೌನಿನ ಮಣಿ ಗಾಜಿನದೋ, ಪ್ಲಾಸ್ಟಿಕ್ಕಿನದೋ, ಉಕ್ಕಿನದೋ? ನನಗೆ ನೆನಪಿರಲಿಲ್ಲ. ಆವತ್ತು ಕೆಲಸ ಮುಗಿಸಿ ಕತ್ತರಿಯನ್ನು ಮೊಳೆಗೆ ನೇತುಹಾಕುವ ಮೊದಲು ಅಲಗು ಮುಟ್ಟಿ ನೋಡಿದ್ದೆನೇ? ದಿನಾ ನೋಡುತ್ತೇನೆ, ಆದರೆ ಆವತ್ತು ನೋಡಿದ ನೆನಪು ಬೇಕಲ್ಲ. ಇವತ್ತು ಬೆಳಿಗ್ಗೆ ಟೇಪು ಎಲ್ಲಿ ಎಂದು ಅರ್ಧ ಗಂಟೆ ಹುಡುಕಿ ಮನೆಮಂದಿಯನ್ನೆಲ್ಲ ಬೈದಾಗ ಅದು ಎಲ್ಲಿತ್ತು?

ನಾನು: ಕತ್ತಲ್ಲಿ.

ಮಗಳು: ಯಾರ ಕತ್ತಲ್ಲಿ?

ನಾನು: ನನ್ನ ಕತ್ತಲ್ಲಿ.

ಮಗಳು: ಕತ್ತಲ್ಲಿರೋ ಟೇಪೇ ಗೊತ್ತಾಗದೋರಿಗೆ ಕೈಯಲ್ಲಿರೋ ಕತ್ತರಿ ಏನು ಕಚ್ಚಿತು ಅಂತ ಗೊತ್ತಾಗಿರತ್ತಾ?

ನಾನು ನೀರು ಕುಡಿದೆ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನ್ನ ತಲೆ ಗಿರ್ರೆನ್ನುತ್ತಿತ್ತು. ನಾನೇ ಕತ್ತರಿಸಿರಬಹುದೇ? ಬೆಳಕು ಮಂದವಿತ್ತು, ಆತುರವಿತ್ತು, ಮಣಿಯೂ ಇತ್ತು. ಯೋಚಿಸುತ್ತಾ ಹೋದ ಹಾಗೆ 'ಟಕ್' ಎಂಬ ಸದ್ದು ಕೂಡ ಕೇಳಿಸಿದಂತಾಯಿತು. ಅಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ, ಮಾಡದೆ ಇದ್ದರೆ ಕೇಳಿಸುತ್ತಿತ್ತೇ? ಮೂವತ್ತು ವರ್ಷ ಕಣ್ಣಿನ ಹಾಗೆ ಕಾಪಾಡಿದ ಕತ್ತರಿಯನ್ನು ನನ್ನ ಕೈಯಾರೆ ಹಾಳು ಮಾಡಿ, ಬೆಳಿಗ್ಗೆಯಿಂದ ಊರಿಗೆಲ್ಲ ಕೇಳುವಂತೆ ಕೂಗಾಡಿದೆನಲ್ಲ ಎಂದು ನಾಚಿಕೆಯಾಯಿತು.

ನಾನು: ನಾನೇ ಇರಬೇಕು ಪುಟ್ಟಿ.

ಮಗಳು: ಇರಬೇಕು ಅಂದ್ರೆ ಆಗಲ್ಲ.

ನಾನು: ನಾನೇ. ಬರ್ಕೋ. ಟಕ್ ಅಂತು.

ಅತ್ತೆ ಗೋಡೆಯ ಕಡೆಯಿಂದ ತಲೆ ತಿರುಗಿಸಿ ನನ್ನನ್ನು ನೋಡಿದರು. ಅವರು ಬೆಳಿಗ್ಗೆಯಿಂದ ಹೋರಾಡಿದರೂ ಸಿಗದ ಪದವಿ ನನಗೆ ಅರ್ಧ ಗಂಟೆಯಲ್ಲಿ ಸಿಕ್ಕಿತ್ತು. ಆ ನೋಟದಲ್ಲಿ ಹೊಟ್ಟೆಕಿಚ್ಚಿತ್ತು.

ಅತ್ತೆ: ನಾನು ಹೇಳಿದ್ರೆ ಸುಳ್ಳು. ಅವರು ಹೇಳಿದ್ರೆ ನಿಜ. ಗಂಡಸು ಅಂತಾನಾ?

ಮಗಳು: ಅಪ್ಪ ಮೊದಲು ಒಪ್ಲಿಲ್ಲ ಅಜ್ಜಿ. ಆಮೇಲೆ ಒಪ್ಪಿದ್ರು. ನಿಜವಾಗ್ಲೂ ಮಾಡಿದೋರು ಹಾಗೇ.

ಮೂರು ಗಂಟೆಗೆ ಫೈಲು ಮುಗಿಯಿತು. ಮೂವತ್ತೊಂದು ಪುಟ, ಎರಡು ನಕ್ಷೆ, ಒಂದು ಮಣಿ. ಮಗಳ ಪೆನ್ನು ಕಡೇ ಸಾಲಿನ ಕಡೇ ಅಕ್ಷರಕ್ಕೆ ಸರಿಯಾಗಿ ಖಾಲಿಯಾಯಿತು. ನನ್ನ ಸಹಿಯೊಂದು ಬಾಕಿ, ಅದೂ ನೀಲಿ ಶಾಯಿಯಲ್ಲೇ ಆಗಬೇಕು. ನನ್ನ ಅಂಗಡಿಯಲ್ಲಿ ಇರುವುದು ಸೀಮೆಸುಣ್ಣ ಮತ್ತು ಒಂದು ಮೊಂಡು ಪೆನ್ಸಿಲ್. ಮನೆಯಲ್ಲಿದ್ದ ಪೆನ್ನುಗಳೆಲ್ಲ ಹೆಂಡತಿಯ ಸಮವಸ್ತ್ರದ ಜೇಬಿನಲ್ಲಿ ಆಸ್ಪತ್ರೆಗೆ ಹೋಗಿ ಅಲ್ಲೇ ನೆಲೆಸಿವೆ. ಮಗಳು ಮೇಜಿನ ಖಾನೆಗಳನ್ನೆಲ್ಲ ಎಳೆದಾಡಿದಳು. ಅವಳ ಕಣ್ಣು ತುಂಬಿ ಬಂತು. ಕಾಲೇಜಿಗೆ ನಡೆದರೆ ಇಪ್ಪತ್ತು ನಿಮಿಷ.

ಅಳುವ ಮೊಮ್ಮಗಳನ್ನು ಅತ್ತೆ ಎಷ್ಟು ಹೊತ್ತು ನೋಡಿಯಾರು? ಮುಖ ಗೋಡೆ ಕಡೆಗೇ ಇತ್ತು, ಕೈ ಮಾತ್ರ ಚೀಲದೊಳಗೆ ಹೋಯಿತು. ಹಿಂದಕ್ಕೆ ಚಾಚಿದ ಕೈಯಲ್ಲಿ ಒಂದು ನೀಲಿ ಪೆನ್ನಿತ್ತು. ನಾನು ತಗೊಂಡು ಸಹಿ ಹಾಕಿದೆ. ಸಹಿ ಹಾಕುವಾಗ ಪೆನ್ನಿನ ಬಾಲದಿಂದ ಏನೋ ಹಾಳೆಯ ಮೇಲೆ ಚಟಪಟ ಬಡಿಯುತ್ತಿತ್ತು. ನೋಡಿದರೆ ಸಣ್ಣ ಸಣ್ಣ ಉಕ್ಕಿನ ಮಣಿ ಪೋಣಿಸಿದಂಥ ಒಂದು ಗೇಣುದ್ದದ ಸರಪಳಿ.

ನಾನೂ ಮಗಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳು ಕವರು ಬಿಚ್ಚಿ 'ಪುರಾವೆ ಒಂದ'ನ್ನು ಸರಪಳಿಯ ಪಕ್ಕ ಇಟ್ಟಳು. ಅದೇ ಬಣ್ಣ, ಅದೇ ಗಾತ್ರ. ಸರಪಳಿಯ ತುದಿಯ ಮಣಿ ಅರ್ಧ ಜಜ್ಜಿಹೋಗಿತ್ತು.

ಮಗಳು: ಅಜ್ಜಿ, ಈ ಪೆನ್ನು ಎಲ್ಲಿಂದ ಬಂತು?

ಅತ್ತೆ: ಪೋಸ್ಟ್ ಆಫೀಸಿನ ಪೆನ್ನು ತಗೊಂಡಿದ್ದು ನೀವೇನಾ ಅಂತ ನೀನೇ ಹನ್ನೊಂದು ಗಂಟೆಗೆ ಕೇಳಿದ್ದೆ. ಉತ್ತರಾನೂ ಅದೇ.

ಮಗಳು: ಅದನ್ನ ನಾನು ಸುಮ್ನೆ ಹುಟ್ಟಿಸಿದ್ದಲ್ವಾ?

ಹೇಗೆ ಹುಟ್ಟಿಸಿದಳು ಎಂಬುದು ಅವಳಿಗೆ ಆಗಲೇ ಹೊಳೆದದ್ದು. ಬೆಳಿಗ್ಗೆ ಒಂಬತ್ತೂವರೆಗೆ ಪರೀಕ್ಷೆಯ ಅರ್ಜಿ ಕಳಿಸಲು ಪೋಸ್ಟ್ ಆಫೀಸಿಗೆ ಹೋಗಿದ್ದಳು. ಕೌಂಟರಿನ ಮೇಲೆ ಪೆನ್ನಿರಲಿಲ್ಲ. ರಿಪೇರಿಗೆ ತೆಗೆದಿರಬೇಕು ಅಂದುಕೊಂಡು ತನ್ನದರಲ್ಲೇ ಬರೆದು ಬಂದಿದ್ದಳು. ಸುಳ್ಳು ಹುಡುಕಲು ಕಿಟಕಿಯಾಚೆ ನೋಡಿದಾಗ ಅದೇ ಬಾಯಿಗೆ ಬಂದಿತ್ತು.

ಈಗ ಅತ್ತೆ ಕುರ್ಚಿ ತಿರುಗಿಸಿದರು. ಯಾರೂ ಕೇಳದ ಆರನೇ ಪ್ರಶ್ನೆಗೆ ತಾವಾಗಿಯೇ ಉತ್ತರ ಕೊಟ್ಟರು. ಅವರಿಗೆ ನಿಂತು ಬರೆಯಲು ಮೊಣಕಾಲು ಬಿಡುವುದಿಲ್ಲ. ಬೆಂಚಿನ ಮೇಲೆ ಕೂತರೆ ಪೆನ್ನಿನ ಸರಪಳಿ ಅಲ್ಲಿಯವರೆಗೆ ಬರುವುದಿಲ್ಲ. ಸರಪಳಿ ಉದ್ದ ಮಾಡಿ ಎಂದು ಕೇಳಿದರೆ, ಪೋಸ್ಟ್ ಆಫೀಸಿನವರು ಲಿಖಿತ ಅರ್ಜಿ ಕೊಡಿ ಅಂದರಂತೆ. ಅರ್ಜಿ ಬರೆಯಬೇಕಾದರೆ ಪೆನ್ನು ಬೇಕು. ಪೆನ್ನು ಬೆಂಚಿಗೆ ಬರಬೇಕಾದರೆ ಸರಪಳಿ ಉದ್ದವಾಗಬೇಕು. ಮೂರು ವಾರ ಇದೇ ಸುತ್ತು ಸುತ್ತಿ, ನಿನ್ನೆ ನಾನು ಯಂತ್ರದ ಮುಂದೆ ತಲೆ ಬಗ್ಗಿಸಿ ಕೂತಿದ್ದಾಗ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಹೋಗಿ, ಕೆಲಸ ಮುಗಿಸಿ, ಬೆಂಚಿನ ಮೇಲೆ ಆರಾಮಾಗಿ ಕೂತು ಅರ್ಧ ಅರ್ಜಿ ಬರೆದಿದ್ದರು. ಅಷ್ಟರಲ್ಲಿ ಮುಚ್ಚುವ ಹೊತ್ತಾಯಿತು. ಉಳಿದರ್ಧ ಮನೆಯಲ್ಲಿ ಬರೆಯೋಣ ಎಂದು ಪೆನ್ನನ್ನು ಜೊತೆಗೆ ತಂದಿದ್ದರು. ಮನೆಗೆ ಬಂದ ಮೇಲೆ ಕತ್ತರಿಯನ್ನು ಚೆನ್ನಾಗಿ ಒರೆಸಿ ನೇತುಹಾಕಿದ್ದಾರಂತೆ. ಬೆರಳಿನ ಗುರುತು ಹೋದದ್ದು ಹಾಗೆ.

ಅತ್ತೆ: ಬೆಳಿಗ್ಗೆ ಅಳಿಯಂದಿರು ಕೂಗಿದ್ದು ಕೇಳಿಸ್ತು. ಬಂದು ಒಪ್ಕೊಂಡೆ. ನೀವಿಬ್ರೂ ಬಿಡ್ಬೇಕಲ್ಲ.

ಗಡಿಯಾರದಲ್ಲಿ ಮೂರೂ ಹತ್ತು. ಮಗಳು ಫೈಲನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಮೂವತ್ತೊಂದು ಪುಟವೂ ತಪ್ಪು. ಹೊಸದಾಗಿ ಬರೆಯಲು ಹೊತ್ತಿಲ್ಲ. ಕೊಡದೆ ಹೋದರೆ ವರ್ಷ ಹೋಯಿತು, ನನ್ನ ಕಾಮರ್ಸು ಬಂತು. ನಾನು ಗೆದ್ದ ಹಾಗೆಯೇ ಆಯಿತಲ್ಲ. ಆದರೆ ಅವಳ ಮುಖ ನೋಡಿದ ಮೇಲೆ ನನಗೆ ಗೆಲ್ಲುವ ಆಸೆ ಇರಲಿಲ್ಲ.

ನಾನು: ತಗೊಂಡು ಹೊರಡು ಪುಟ್ಟಿ. ನಾನು ಸಹಿ ಹಾಕಿಯಾಗಿದೆ. ನಾನೇ ಮಾಡಿದ್ದು ಅಂತಾನೇ ಇರ್ಲಿ.

ಮಗಳು: ನೀನು ಮಾಡಿಲ್ಲ ಅಪ್ಪ.

ನಾನು: ನಿಮ್ಮ ಮೇಷ್ಟ್ರಿಗೆ ಅದೆಲ್ಲಿ ಗೊತ್ತಾಗತ್ತೆ?

ಮಗಳು: ನನಗೆ ಗೊತ್ತಾಯ್ತಲ್ಲ.

'ನೀನು' ಅಂದಳು. ಐದು ಗಂಟೆ ಕಾಲ ಯಾರದೋ ಮಗಳಾಗಿದ್ದವಳು ಮತ್ತೆ ನನ್ನ ಮಗಳಾದಳು. ಎರಡು ವರ್ಷದಿಂದ ಇವಳು ಏನು ಓದುತ್ತಾಳೆ ಅಂತ ನನಗೆ ಅರ್ಥವಾಗಿರಲಿಲ್ಲ. ಆ ಒಂದು ಮಾತಿನಲ್ಲಿ ಅರ್ಥವಾಯಿತು, ಸಂತೋಷವೂ ಆಯಿತು. ಹೇಳಲು ಹೋಗಲಿಲ್ಲ, 'ಮೂರೂ ಹನ್ನೆರಡು' ಅಂತಷ್ಟೇ ಅಂದೆ.

ಅವಳು ಒಂದು ಪುಟವನ್ನೂ ಹರಿಯಲಿಲ್ಲ. ಫೈಲಿನ ಕೊನೆಗೆ ಎರಡು ಹಾಳೆ ಸೇರಿಸಿ, ಮೇಲೆ 'ತನಿಖೆ ಮಾಡಿದವಳ ತಪ್ಪು' ಎಂದು ಬರೆದಳು. ನಿಜ ಹೇಳಿದವರನ್ನು ನಂಬದೆ ಹದಿನಾಲ್ಕು ಪುಟ ಬರೆದದ್ದು, ಏನೂ ಮಾಡದವನ ಬಾಯಿಂದ 'ಟಕ್' ಅನ್ನಿಸಿದ್ದು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು. ಬರೆದದ್ದು ಆ ಕದ್ದ ಪೆನ್ನಿನಲ್ಲೇ, ಮನೆಯಲ್ಲಿ ಬೇರೆ ಪೆನ್ನಿರಲಿಲ್ಲವಲ್ಲ. ಪ್ರತಿ ಸಾಲಿಗೂ ಸರಪಳಿ ಚಟಪಟ ಎಂದಿತು. ಅತ್ತೆ ಎರಡು ಸಲ ಓದಿಸಿ ಕೇಳಿ, 'ಆರೋಪಿ' ಎಂದಿದ್ದ ಜಾಗದಲ್ಲಿ ದೊಡ್ಡದಾಗಿ ಸಹಿ ಹಾಕಿದರು. ಕಡೆಗೆ ಮಗಳು ಪೆನ್ನನ್ನೂ ಕವರಿಗೆ ಹಾಕಿ 'ಪುರಾವೆ ಎರಡು' ಮಾಡಿ, ಚಪ್ಪಲಿಯನ್ನು ಸರಿಯಾಗಿ ಮೆಟ್ಟದೆ ಓಡಿದಳು. ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಕೊಟ್ಟಳಂತೆ.

ಹತ್ತು ದಿನ ಕಳೆಯಿತು. ಕತ್ತರಿಗೆ ಸಾಣೆ ಹಿಡಿಸಿ ತಂದಿದ್ದೆ. ಅತ್ತೆಗೆ ಒಂದು ಬ್ಲೌಸ್ ಹೊಲಿಯುತ್ತಿದ್ದೆ, ಈ ಸಲ ಬೇಕೆಂದೇ ಅರ್ಧ ಇಂಚು ಬಿಗಿಯಾಗಿ. ಮಗಳು ಫೈಲು ಎತ್ತಿ ಹಿಡಿದು ಒಳಗೆ ಬಂದಳು. ಪಾಸು. 'ದೂರು ಕೊಟ್ಟವನೇ ಮಾಡದ ತಪ್ಪನ್ನು ಒಪ್ಪಿಕೊಂಡ ಪ್ರಕರಣ ನನ್ನ ಇಪ್ಪತ್ತು ವರ್ಷದ ಪಾಠದಲ್ಲಿ ಮೊದಲನೆಯದು. ಆ ತಂದೆಯನ್ನು ಒಮ್ಮೆ ನೋಡಬೇಕು' ಎಂದು ಮೇಷ್ಟ್ರು ಕೊನೆಯಲ್ಲಿ ಬರೆದಿದ್ದರು. ನಾನು ಕಾಮರ್ಸಿನ ಮಾತೆತ್ತಲಿಲ್ಲ. ಅತ್ತೆ ಮೊಮ್ಮಗಳ ತಲೆ ಸವರಿ, ತಮ್ಮ ಹೆಸರಿರುವ ಹಾಳೆ ಯಾವುದು ತೋರಿಸು ಎಂದು ಕೇಳಿ ನೋಡಿದರು. ಆಮೇಲೆ ಕೈ ಚಾಚಿದರು.

ಅತ್ತೆ: ಪೆನ್ನು ಕೊಡು. ಉಳಿದರ್ಧ ಅರ್ಜಿ ಬರೆದು, ವಾಪಸ್ಸು ಕೊಟ್ಟು, ತಪ್ಪಾಯ್ತು ಅಂತ ಹೇಳಿ ಬರ್ತೀನಿ.

ಮಗಳು ಕವರು ಬೋರಲು ಹಾಕಿ ಕೊಡವಿದಳು. ಮಣಿಯೊಂದು ಉರುಳಿ ಬಂತು, ಅಷ್ಟೇ. ನಾನು ಮೇಷ್ಟ್ರ ಬರಹವನ್ನು ಮತ್ತೊಮ್ಮೆ ನೋಡಿದೆ. ಅದೇ ನೀಲಿ.

ಮಗಳು: ಎಲ್ಲರ ಮಾರ್ಕ್ಸ್ ಹಾಕೋವಾಗ ಮೇಷ್ಟ್ರು ಕವರಿಂದ ಅದನ್ನ ತೆಗೆದ್ರು ಅಜ್ಜಿ. ಬರೆದು ಮುಗಿಸಿ ಜೇಬಿಗೆ ಸಿಗಿಸ್ಕೊಂಡು ಹೋಗ್ಬಿಟ್ರು. ಕೇಳೋಕೆ ಯಾರಿಗೂ ಧೈರ್ಯ ಬರ್ಲಿಲ್ಲ.

ಅತ್ತೆ ಆ ಖಾಲಿ ಕವರನ್ನು ಇಸಕೊಂಡು ಒಳಗೆ ಬೆರಳು ಹಾಕಿ ನೋಡಿದರು.

ಅತ್ತೆ: ಅದಕ್ಕೇ ಕಣೇ, ಆ ಪೆನ್ನಿಗೆ ಸರಪಳಿ ಹಾಕಿರೋದು.